ರಾಣಿಯ ಕೊನೆಯ ಮಾತು

ದನಿಯಮ್ಮ ಸತ್ತಷ್ಟು ಸಲ ಈ ಭೂಮಿಯ ಮೇಲೆ ಇನ್ಯಾವ ಹೆಂಗಸೂ ಸತ್ತಿರಲಿಕ್ಕಿಲ್ಲ. ಬೆಂಕಿಗೆ ಹಾರಿ ಸತ್ತಿದ್ದಳು, ಬಾವಿಗೆ ಹಾರಿ ಸತ್ತಿದ್ದಳು, ಗಂಡನ ಎದೆಗೆ ಬರುತ್ತಿದ್ದ ಬಾಣಕ್ಕೆ ತನ್ನ ಬೆನ್ನು ಕೊಟ್ಟು ಸತ್ತಿದ್ದಳು. ಎಲ್ಲ ಸಾವೂ ಆದದ್ದು ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ, ಮೈಕಿನ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು. ಬೆಳಿಗ್ಗೆ ಪ್ರಾಣ ಬಿಟ್ಟು, ನಡುವೆ ಚಹಾ ಕುಡಿದು, ಮಧ್ಯಾಹ್ನ ಇನ್ನೊಮ್ಮೆ ಪ್ರಾಣ ಬಿಟ್ಟು, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದು ಪಾತ್ರೆ ತೊಳೆಯುವುದು ಅವಳ ದಿನಚರಿ. ಚಾರಿತ್ರಿಕ ಸಿನಿಮಾಗಳ ರಾಣಿಯರಿಗೆ ಕಂಠದಾನ ಮಾಡುವುದು ಅವಳ ಕಸುಬು. ಮುಖ ಯಾರದೋ, ಒಡವೆ ಬಾಡಿಗೆಯದು, ದನಿ ಇವಳದು. ಹೆತ್ತವರಿಟ್ಟ ಹೆಸರು ಏನೋ ಇತ್ತು. ಸ್ಟುಡಿಯೋದವರು ದನಿಯಮ್ಮ ಎಂದರು, ಬೀದಿಯವರೂ ಹಾಗೇ ಅಂದರು, ಕೊನೆಗೆ ಗ್ಯಾಸ್ ಸಿಲಿಂಡರ್ ತರುವವನೂ ಹಾಗೇ ಕೂಗತೊಡಗಿದ.

ಹಿಂದಿನ ಕಾಲದಲ್ಲಿ ಹೆಂಗಸರಿಗೆ ಇದ್ದ ಕೆಲಸಗಳು ಮೂರೇ ಎಂದು ಆ ಸಿನಿಮಾಗಳನ್ನು ನೋಡಿದ ಯಾರಿಗಾದರೂ ಅನ್ನಿಸಬೇಕು. ಗಂಡ ಯುದ್ಧಕ್ಕೆ ಹೊರಟಾಗ ಕೈಗೆ ಕತ್ತಿ ಕೊಡುವುದು, ಹೋದ ಮೇಲೆ ಕಿಟಕಿಯಲ್ಲಿ ನಿಲ್ಲುವುದು, ಸುದ್ದಿ ಬಂದ ಮೇಲೆ ಸಾಯುವುದು. ರಾಣಿಗೆ ನೆಗಡಿಯಾದದ್ದನ್ನು, ಉಪ್ಪು ಜಾಸ್ತಿ ಹಾಕಿದ ಅಡುಗೆಯವನನ್ನು ಅವಳು ಬೈದದ್ದನ್ನು, ಮಂಡಿನೋವೆಂದು ಮೆಟ್ಟಿಲ ಮೇಲೆ ಕೂತದ್ದನ್ನು ದನಿಯಮ್ಮ ಒಂದು ಸಲವೂ ಡಬ್ ಮಾಡಿರಲಿಲ್ಲ. ಮಂಡಿನೋವು ಬರುವ ವಯಸ್ಸಿನವರೆಗೆ ಯಾವ ರಾಣಿಯನ್ನೂ ಯಾರೂ ಬದುಕಗೊಟ್ಟಿರಲಿಲ್ಲ. ಹೀಗೆಲ್ಲ ಯೋಚಿಸಿ ದನಿಯಮ್ಮ ಒಬ್ಬಳೇ ನಗುತ್ತಿದ್ದಳು. ನಕ್ಕು ಸುಮ್ಮನಾಗುತ್ತಿದ್ದಳು. ಸಾಯುವುದಕ್ಕೆ ಕರೆದವರ ಹತ್ತಿರ ಬದುಕಿನ ಮಾತು ತೆಗೆದರೆ ಮುಂದಿನ ಸಲ ಕರೆಯುವವರು ಯಾರು?

ಅವಳ ನಗು ನಿಂತದ್ದು ಮಗಳು ಒಂದು ಚೀಲ ಹಿಡಿದುಕೊಂಡು ಗಂಡನ ಮನೆಯಿಂದ ವಾಪಸು ಬಂದ ದಿನ. ಹೊಡೆತವಿಲ್ಲ, ಬಡಿತವಿಲ್ಲ. ಅಳಿಯ ಕುಡಿಯುವವನಲ್ಲ, ಕೂಗಾಡುವವನೂ ಅಲ್ಲ. ಕೆಲಸಕ್ಕೆ ಹೋಗುವಾಗ ಹೆಂಡತಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೇ. ಮೊದಮೊದಲು ಕಾಲ ಕೆಟ್ಟಿದೆ ಎಂದ, ಆಮೇಲೆ ಕೈಗೆ ರೂಢಿಯಾಗಿಬಿಟ್ಟಿದೆ ಎಂದ. ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುತ್ತಿದ್ದ ಹುಡುಗಿ, ಕೆಲಸ ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಎದುರು ಮನೆಯ ಗೋಡೆ ನೋಡುತ್ತ ಕೂತಳು. ಒಂದು ದಿನ ಅವನು ಬೀಗ ಹಾಕುವುದನ್ನು ಮರೆತ. ಇವಳು ಹೊರಡುವುದನ್ನು ಮರೆಯಲಿಲ್ಲ.

ಮಗಳು ಬಂದ ಹಿಂದೆಯೇ ಬೀಗಿತ್ತಿ ಬಂದರು. ಅಳಿಯನ ತಾಯಿ ಎಂದರೆ ಸಾಮಾನ್ಯದ ಹೆಂಗಸಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಈಗಲೂ ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ಕೂತವರು ಎದ್ದು ನಿಲ್ಲುತ್ತಿದ್ದರು. ಸಂಬಂಧ ಕುದುರಿದ್ದೂ ಸಿನಿಮಾದ ದೆಸೆಯಿಂದಲೇ. ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಲೇ ಇಲ್ಲ. 'ಕೋಟೆಗೋಡೆ ಮೇಲೆ ನಿಂತ ರಾಣಿಗೆ ದನಿ ಕೊಟ್ಟೋರು ನೀವೇನಾ?' ಎಂದು ದನಿಯಮ್ಮನ ಎರಡೂ ಕೈ ಹಿಡಿದುಕೊಂಡು, 'ಅಂಥಾ ತಾಯಿ ಮಗಳು ನಮ್ಮನೆಗೆ ಬರ್ತಾಳೆ ಅಂದ್ರೆ ಇನ್ನೇನು ಬೇಕು' ಎಂದು ಅಲ್ಲೇ ಒಪ್ಪಿಬಿಟ್ಟಿದ್ದರು. ದನಿಯಮ್ಮ ಉಬ್ಬಿಹೋಗಿದ್ದಳು. ಹೊಗಳಿಕೆ ಬಂದ ದಾರಿಯಲ್ಲೇ ಬಡ್ಡಿಯೂ ಬರುತ್ತದೆಂದು ಆಗ ತಿಳಿದಿದ್ದರೆ!

ಬೀಗಿತ್ತಿ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು, ಕೊಟ್ಟ ಚಹಾ ಮುಟ್ಟದೆ, ನೇರ ವಿಷಯಕ್ಕೆ ಬಂದರು.

"ನಾನು ಬೈಯೋಕೆ ಬಂದಿಲ್ಲ ಕಣಮ್ಮ," ಎಂದರು ಸೊಸೆಗೆ. "ಆ ರಾಣಿ ಕಥೆ ಗೊತ್ತಲ್ಲ ನಿನಗೆ. ಶತ್ರು ಕೋಟೆ ಮುತ್ತಿದಾನೆ, ಗಂಡ ಸತ್ತಿದಾನೆ. ದಾರಿ ಮಾಡ್ಕೊಡ್ತೀವಿ, ನಿಮ್ಮ ತವರಿಗೆ ಹೋಗಿ ಅಂತ ಅವಳದೇ ಸೇನಾಪತಿ ಕೇಳ್ಕೊತಾನೆ. ಅವಳು ಏನಂದ್ಲು?"

ಮಗಳು ತಲೆ ತಗ್ಗಿಸಿಕೊಂಡು, ಕರೆದು ನಿಲ್ಲಿಸಿದ ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು: "ಒಪ್ಪಿ ಈ ಹೊಸ್ತಿಲು ದಾಟಿ ಬಂದವಳು ನಾನು, ದಾಟಿ ಹೋಗುವುದು ನನ್ನ ಬೂದಿ."

"ಅಷ್ಟೇ. ರಾಣಿಗೇ ತವರು ಬೇಡವಾಯ್ತು. ನಿನ್ನದೇನು ಒಂದು ಬೀಗ."

ದನಿಯಮ್ಮನಿಗೆ ತಡೆಯಲಾಗಲಿಲ್ಲ. "ಬೀಗಿತ್ತಿಯೋರೇ, ಅದು ರಾಣಿ ಹೇಳಿದ್ದಲ್ಲ. ನಾನು ಹೇಳಿದ್ದು."

"ಗೊತ್ತಿಲ್ವೇ? ನಿಮ್ಮ ದನಿ ಅಲ್ವೇ ಅದು."

"ದನಿ ಅಲ್ಲ ರೀ, ಮಾತೇ ನಂದು. ನಾನೇ ಕಟ್ಟಿದ್ದು. ಸ್ಟುಡಿಯೋದಲ್ಲಿ, ನಿಂತ ನಿಲುವಲ್ಲಿ."

ಬೀಗಿತ್ತಿ ಅವಳನ್ನು ಬಹಳ ಹೊತ್ತು ನೋಡಿದರು. ಶಾಲೆಯಲ್ಲಿ ಹೋಮ್‌ವರ್ಕ್ ಪುಸ್ತಕ ನಾಯಿ ತಿಂದಿತು ಎಂದ ಹುಡುಗಿಯರನ್ನು ಹೀಗೇ ನೋಡುತ್ತಿದ್ದರೋ ಏನೋ. "ಮಗಳನ್ನ ಉಳಿಸ್ಕೊಳ್ಳೋಕೆ ಯಾವ ತಾಯಿಯಾದರೂ ಸುಳ್ಳು ಹೇಳ್ತಾಳೆ, ತಪ್ಪಲ್ಲ. ಆದ್ರೆ ಆ ಪುಣ್ಯಾತ್ಗಿತ್ತಿ ಬಾಯಿಂದ ಮಾತು ಕಿತ್ಕೋಬೇಡಿ. ಆ ಮಾತನ್ನ ನಾನು ನಮ್ಮ ಶಾಲೆ ಗೋಡೆ ಮೇಲೆ ಬರೆಸಿದೀನಿ. ಅದರ ಕೆಳಗೆ ನಿಂತು ಎಷ್ಟು ಸಾವಿರ ಹೆಣ್ಣುಮಕ್ಕಳು ಪಾಠ ಕಲ್ತಿದಾರೆ ಗೊತ್ತಾ? ಭಾನುವಾರ ಮಗನ ಜೊತೆ ಬರ್ತೀನಿ. ಬ್ಯಾಗ್ ರೆಡಿ ಇರಲಿ." ಎದ್ದು ಹೋದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ದನಿಯಮ್ಮನ ಪಾಡು ಹಾಗಾಯಿತು.

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಸಿನಿಮಾ ಬಂದಾಗ ದನಿಯಮ್ಮ ಇನ್ನೂ ಹೊಸಬಳು. ಬರೆದವರು ರಾಣಿಗೆ ಕೊನೆಯ ದೃಶ್ಯದಲ್ಲಿ ಕೊಟ್ಟದ್ದು ಎರಡೇ ಪದ, 'ಪ್ರಭು, ಬಂದೆ.' ಅಷ್ಟು ಹೇಳಿ ಕೋಟೆಗೋಡೆಯಿಂದ ಕೆಳಗಿನ ಬೆಂಕಿಗೆ ಹಾರಬೇಕು. ಆದರೆ ಚಿತ್ರೀಕರಣ ನಡೆದದ್ದು ನಡುಮಧ್ಯಾಹ್ನ, ಕಲ್ಲಿನ ಗೋಡೆಯ ಮೇಲೆ, ಬರಿಗಾಲಲ್ಲಿ. ಕ್ಯಾಮೆರಾ ತಿರುಗುತ್ತಿರುವಾಗಲೇ ನಾಯಕಿಯ ಕಾಲು ಸುಟ್ಟಿತು. ಅವಳು ಪ್ರಭುವನ್ನು ಮರೆತು, ಕೆಳಗೆ ನಿಂತಿದ್ದ ಮೇಕಪ್ಪಿನವಳನ್ನು ನೋಡಿ, ಕಣ್ಣು ತುಂಬ ನೀರು ತುಂಬಿಕೊಂಡು ಕೂಗಿದಳು: 'ಚಪ್ಪಲಿ ಎಲ್ಲೇ ಇಟ್ಟಿದ್ದೀ? ಬೇಗ ತಂದುಕೊಡು. ಕಾಲು ಸುಟ್ಟುಹೋಯ್ತು ಕಣೇ, ಬಾರೇ!' ನಿರ್ದೇಶಕರಿಗೆ ಆ ಕಣ್ಣೀರು ಬಲು ಹಿಡಿಸಿತು. ಜೀವಮಾನದಲ್ಲಿ ಅವಳು ಮಾಡಿದ ಒಂದೇ ಒಂದು ನಿಜವಾದ ನಟನೆ ಅದು, ಮತ್ತೆ ಸಿಗುವುದಿಲ್ಲ ಎಂದು ಇಟ್ಟುಕೊಂಡುಬಿಟ್ಟರು.

ಚಿತ್ರ ಸರಿ, ತುಟಿಗೆ ಏನು ಮಾಡುವುದು? ಡಬ್ಬಿಂಗ್ ಕೋಣೆಯಲ್ಲಿ ಪರದೆಯ ಮೇಲೆ ರಾಣಿಯ ಬಾಯಿ ಉದ್ದಕ್ಕೆ ಆಡುತ್ತಿದೆ, ಹೇಳಲಿಕ್ಕೆ ಇರುವುದು ಎರಡು ಪದ. ಬರೆದವರನ್ನು ಕರೆಸೋಣವೆಂದರೆ ಅವರು ಸಂಭಾವನೆಯ ಸಿಟ್ಟಿನಲ್ಲಿ ಊರು ಬಿಟ್ಟಿದ್ದರು. 'ಏನಾದ್ರೂ ಹೇಳಮ್ಮ, ತುಟಿಗೆ ಕೂತರೆ ಸಾಕು' ಎಂದರು ನಿರ್ದೇಶಕರು. ಕಂಠದಾನದವರ ಕಣ್ಣು ಮೊದಲು ಹುಡುಕುವುದು ತುಟಿ ಎಲ್ಲೆಲ್ಲಿ ಮುಚ್ಚುತ್ತದೆ ಎನ್ನುವುದನ್ನು. ತುಟಿ ಮುಚ್ಚಿದ ಕಡೆ ಪ ಬ ಮ ಬರದಿದ್ದರೆ ನೋಡುವವನ ಕಣ್ಣಿಗೆ ಕಲ್ಲು ಸಿಕ್ಕಂತಾಗುತ್ತದೆ. ದನಿಯಮ್ಮ ನೋಡಿದಳು. ಚಪ್ಪಲಿಯ ಹತ್ತಿರ ಒಮ್ಮೆ, ಬೇಗದ ಹತ್ತಿರ ಒಮ್ಮೆ, ಬಾರೇ ಎನ್ನುವ ಹತ್ತಿರ ಒಮ್ಮೆ. ಮೂರು ಕಡೆ ಮೂರು ಗೂಟ ಹೊಡೆದು ನಡುವೆ ಹಗ್ಗ ಕಟ್ಟಿದಂತೆ ಕಟ್ಟಿದಳು: ಒಪ್ಪಿ, ಬಂದವಳು, ಬೂದಿ. ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲರೂ ಊಟಕ್ಕೆ ಹೋದರು.

ಆಮೇಲೆ ಆದದ್ದು ಊರಿಗೇ ಗೊತ್ತು. ನಾಯಕಿ ಆ ದೃಶ್ಯಕ್ಕೆ ಪ್ರಶಸ್ತಿ ತೆಗೆದುಕೊಂಡು, ವೇದಿಕೆಯ ಮೇಲೆ 'ಆ ಹೊತ್ತು ರಾಣಿಯೇ ನನ್ನ ಮೈಮೇಲೆ ಬಂದಿದ್ದಳು' ಎಂದಳು. ಆ ಮಾತು ಕ್ಯಾಲೆಂಡರಿಗೆ ಬಂತು, ಲಾರಿಗಳ ಹಿಂದೆ ಬಂತು, ಭಾಷಣಗಳಿಗೆ ಬಂತು. ಯಾರೋ ಪುಣ್ಯಾತ್ಮರು ಅದನ್ನು ಚರಿತ್ರೆಯ ಪಾಠಕ್ಕೂ ಸೇರಿಸಿದರು. ಮಗಳು ಪರೀಕ್ಷೆಗೆ ಅದನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದರೆ ದನಿಯಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ಒಳಗೊಳಗೇ ಕುಣಿದಿದ್ದಳು. ಚಪ್ಪಲಿಯ ಕಥೆ ಹೇಳಲು ಬಾಯಿ ಬರಲಿಲ್ಲ. ಕೋಣೆಯ ಒಳಗಿನದ್ದು ಕೋಣೆಯಲ್ಲೇ ಇರಬೇಕೆಂಬುದು ಕಸುಬಿನ ರೀತಿ. ಅದಕ್ಕಿಂತ ಹೆಚ್ಚಾಗಿ, ತಾನು ಆಡಿದ ಮಾತು ರಾಣಿಯ ಹೆಸರಲ್ಲಿ ಮೆರೆಯುತ್ತಿದ್ದರೆ ಅದನ್ನು ಇಳಿಸಿ ತನ್ನ ಬಾಗಿಲಿಗೆ ಕಟ್ಟಿಕೊಳ್ಳುವ ಮನಸ್ಸು ಯಾರಿಗಿರುತ್ತದೆ?

"ನೀನು ಮೊದಲೇ ಹೇಳಿದ್ರೆ ಏನಾಗ್ತಿತ್ತಮ್ಮ?" ಬೀಗಿತ್ತಿ ಹೋದ ಮೇಲೆ ಮಗಳು ಕೇಳಿದಳು. ಸಿಟ್ಟಿನಿಂದಲ್ಲ, ಸುಸ್ತಿನಿಂದ.

"ಯಾರು ನಂಬ್ತಿದ್ರು?"

"ನಾನು ನಂಬ್ತಿದ್ದೆ. ಅವರು ಬೀಗ ಹಾಕಿ ಹೋದ ಮೇಲೆ ಒಂದೊಂದು ದಿನ ಕೂಗ್ಬಿಡೋಣ ಅನ್ಸೋದು. ಆಗ ಆ ಮಾತು ಹೇಳ್ಕೊತಿದ್ದೆ. ನಿನ್ನ ದನಿಯಲ್ಲೇ ಕೇಳ್ಸೋದು. ಕೇಳಿದ್ರೆ ಸುಮ್ಮನಾಗ್ತಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರೂರು ಸುತ್ತಿ ತನ್ನ ಮಾತು ಕೊನೆಗೆ ತನ್ನ ಮಗಳನ್ನೇ ಕಾಯಲು ಕೂತಿತ್ತಲ್ಲ ಎಂದು ದನಿಯಮ್ಮನಿಗೆ ಅಳು ಬಂತು. ಅಳಲಿಲ್ಲ. "ಅದು ಸುಳ್ಳು ಕಣೇ. ಮೇಕಪ್ಪಿನವಳಿಗೆ ಬೈದ ಬಾಯಿ ಅದು," ಎಂದಳು.

"ಈಗ ಹೇಳ್ತಿದ್ದೀಯ. ಅತ್ತೆ ಅಂದ ಹಾಗೆ, ನನ್ನ ಉಳಿಸ್ಕೊಳ್ಳೋಕೆ ಹೇಳ್ತಿದ್ದೀಯೋ ಏನೋ." ಮಗಳು ಎದ್ದು ಒಗೆದ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. "ಭಾನುವಾರ ಹೋಗ್ತೀನಮ್ಮ. ಎಲ್ಲರೂ ತಪ್ಪು, ನಾನೊಬ್ಬಳೇ ಸರಿ ಅನ್ನೋಕೆ ನನಗೆ ಶಕ್ತಿ ಇಲ್ಲ."

ಮಗಳೇ ನಂಬದ ಮೇಲೆ ಸಾಕ್ಷಿ ಬೇಕಾಯಿತು. ಆ ದಿನ ಕೋಣೆಯಲ್ಲಿದ್ದವರಲ್ಲಿ ನಿರ್ದೇಶಕರು ತೀರಿಕೊಂಡಿದ್ದರು. ಉಳಿದವರು ಧ್ವನಿಮುದ್ರಣ ಮಾಡಿದ ಸೌಂಡಣ್ಣ ಒಬ್ಬರೇ. ಅವರು ಈಗಲೂ ಅದೇ ಸ್ಟುಡಿಯೋದ ಗಾಜಿನ ಹಿಂದೆ ಕೂತು ಗುಬುಟು ತಿರುಗಿಸುತ್ತಿದ್ದರು. ಮಾರನೆಯ ದಿನ ಕೆಲಸವೂ ಇತ್ತು. ಅದೇ ರಾಣಿಯ ಮೇಲೆ ಹೊಸ ಸಿನಿಮಾ ಬರುತ್ತಿತ್ತು, ದನಿಯಮ್ಮನಿಗೆ ಅದರಲ್ಲಿ ಸಂತೆಯ ಗುಂಪಿನಲ್ಲಿ ಕಿರುಚುವ ಮುದುಕಿಯ ದನಿ. ವಯಸ್ಸಾದ ದನಿಗೆ ಸಿಂಹಾಸನವೆಲ್ಲಿ, ಸಂತೆಯೇ ಗತಿ.

ಪರದೆಯ ಮೇಲೆ ದನಿಯಿಲ್ಲದ ಹೊಸ ರಾಣಿ ಓಡಾಡುತ್ತಿದ್ದಳು. ಕಾಲ ಬದಲಾಗಿತ್ತು. ಹಳೆಯ ರಾಣಿ ಅತ್ತು ಸತ್ತಿದ್ದಳು. ಇವಳು ಕೂದಲು ಹಾರಿಸಿಕೊಂಡು, ಕುದುರೆ ಹತ್ತಿ, ಒಂದು ದಂಡನ್ನೇ ಕಡಿದು, ಆಮೇಲೆ ಅದೇ ಗೋಡೆ ಹತ್ತಿ ಅಲ್ಲಿಂದಲೇ ಹಾರುತ್ತಿದ್ದಳು.

"ಈಗಿನ ರಾಣೀರು ಬಹಳ ಗಟ್ಟಿಗಿತ್ತೀರು," ಎಂದರು ಸೌಂಡಣ್ಣ ಹೆಮ್ಮೆಯಿಂದ.

"ಹೌದಣ್ಣ. ಸಾಯೋದೊಂದು ತಪ್ಪಿಲ್ಲ," ಎಂದಳು ದನಿಯಮ್ಮ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ವಿಷಯ ತೆಗೆದಳು. "ಅಣ್ಣ, ಆ ಮಾತು ನಾನೇ ಇಲ್ಲಿ ಕಟ್ಟಿದ್ದು ಅಂತ ನಮ್ಮ ಬೀಗಿತ್ತಿಗೆ ಒಂದು ಮಾತು ಫೋನಲ್ಲಿ ಹೇಳ್ಬಿಡಿ. ಚಪ್ಪಲಿ ಕಥೆ ನೆನಪಿದೆಯಲ್ಲ?"

ಸೌಂಡಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ಚಪ್ಪಲಿ ಕಥೆ ಬೇರೆ ಸಿನಿಮಾದ್ದು ಇರ್ಬೇಕು ತಂಗಿ. ಇದು ಶಾಸನದ ಮಾತಲ್ವಾ? ಕೋಟೆ ಒಳಗೆ ಬಲಗಡೆ ಕಲ್ಲಿದೆ. ಪಾಚಿ ಕಟ್ಟಿತ್ತು. ನಾನೇ ಕೈಯಲ್ಲಿ ಉಜ್ಜಿ ಓದಿದೀನಿ."

"ಅಣ್ಣ, ನೀವು ಕೋಟೆಗೆ ಯಾವಾಗ ಹೋಗಿದ್ರಿ? ಈ ಕೋಣೆ ಬಿಟ್ಟು ನೀವು ಹೊರಗೆ ಹೋಗಿದ್ದೇ ನಾನು ನೋಡಿಲ್ಲ."

"ಹೋಗಿದ್ದೆ," ಎಂದರು ಸೌಂಡಣ್ಣ. ಸ್ವಲ್ಪ ಯೋಚಿಸಿ, "ಹೋಗದೆ ಹೇಗೆ ಓದ್ತಿದ್ದೆ?" ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವರೂ ಅಲ್ಲ ಅವರು. ನಿಜವಾಗಿಯೂ ಅವರ ಕಣ್ಣಿಗೆ ಪಾಚಿ ಕಾಣುತ್ತಿತ್ತು, ಬೆರಳಿಗೆ ತಣ್ಣಗೆ ತಾಗುತ್ತಿತ್ತು. "ಅಲ್ಲದೆ," ಎಂದು ಪ್ರೀತಿಯಿಂದಲೇ ಸೇರಿಸಿದರು, "ಅಂಥಾ ಮಾತು ನಮ್ಮ ನಿಮ್ಮಂಥವರ ಬಾಯಲ್ಲಿ ಹುಟ್ಟುತ್ತಾ ತಂಗಿ?"

ಹಿತ್ತಲ ಗಿಡ ಮದ್ದಲ್ಲ. ದನಿಯಮ್ಮ ಪರದೆಯ ಕಡೆ ತಿರುಗಿ ಕೂತಳು. ಎದುರಿಗೆ ಹೊಸ ರಾಣಿ ಗೋಡೆಯ ಮೇಲೆ ನಿಂತು ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದಳು. ಇನ್ನೂ ಯಾರೂ ದನಿ ಕೊಟ್ಟಿರಲಿಲ್ಲ. ಈ ಬಾಯಿಗೆ ಏನು ಬೇಕಾದರೂ ಹೇಳಿಸಬಹುದಲ್ಲ, ಒಂದು ಸೇರು ಬದನೆಕಾಯಿಯನ್ನೇ ಕೇಳಿಸಬಹುದು ಎಂದುಕೊಂಡು ಅವಳು ತನ್ನಷ್ಟಕ್ಕೆ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಸಾಕ್ಷಿ ಬೇಕೆಂದರೆ ಸೌಂಡಣ್ಣ ಯಾಕೆ? ಆ ನಾಯಕಿಯ ತುಟಿ ಈಗಲೂ ಟೀವಿಯಲ್ಲಿ ಇತ್ತಲ್ಲ, ಆಡಿದ್ದನ್ನೇ ಆಡುತ್ತ.

ಭಾನುವಾರ ಬೆಳಿಗ್ಗೆ ಬೀಗಿತ್ತಿ ಮಗನ ಜೊತೆ ಬಂದರು. ಅಳಿಯ ಹೊಸ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ಬೀಗದಕೈ ಗೊಂಚಲು, ಕೂತಲ್ಲಿ ಅದನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು. ಕೆಟ್ಟವನ ಮುಖವೂ ಅಲ್ಲ ಅದು. ಮಗಳು ಚೀಲ ತಂದು ಬಾಗಿಲ ಪಕ್ಕ ಇಟ್ಟು, ತಾಯಿಯ ಮುಖ ನೋಡದೆ ನಿಂತಳು.

"ಹೊರಡೋದು ಇದ್ದೇ ಇದೆ," ಎಂದಳು ದನಿಯಮ್ಮ, "ಬೀಗಿತ್ತಿಯೋರೇ, ನಿಮಗೆ ಪ್ರೀತಿ ಅಂತ ಆ ಸಿನಿಮಾ ಹಾಕಿದೀನಿ. ಕೊನೇ ದೃಶ್ಯ ಮಾತ್ರ ನೋಡ್ಕೊಂಡು ಹೋಗಿ."

ಬೀಗಿತ್ತಿಯ ಮುಖ ಸಡಿಲಾಯಿತು. ಟೀವಿಯಲ್ಲಿ ಕೋಟೆಗೋಡೆ, ಹೊಗೆ, ಗಾಳಿಗೆ ಹಾರುವ ಬಟ್ಟೆ. ಸೇನಾಪತಿ ತವರಿಗೆ ಹೋಗಿ ಎಂದು ಬೇಡಿಕೊಂಡ. ರಾಣಿ ಕಣ್ಣೀರು ತುಂಬಿಕೊಂಡು ಗುಡುಗಿದಳು. ಬೀಗಿತ್ತಿಯ ತುಟಿಗಳು ಅವಳ ಜೊತೆಗೇ ಅಲುಗಿದವು, ಕಣ್ಣೂ ತುಂಬಿತು. "ಆಹಾ," ಎಂದರು.

"ಈಗ ಇನ್ನೊಂದ್ಸಲ," ಎಂದು ದನಿಯಮ್ಮ ಚಿತ್ರವನ್ನು ಹಿಂದಕ್ಕೆ ತಿರುಗಿಸಿ, ಸದ್ದು ಪೂರ್ತಿ ತೆಗೆದು, ಟೀವಿಯ ಪಕ್ಕ ನಿಂತಳು. ಬೆನ್ನು ನೆಟ್ಟಗಾಯಿತು. ಕಣ್ಣು ಪರದೆಯ ತುಟಿಯ ಮೇಲೆ ಕೂತಿತು. ವಯಸ್ಸು ಎಲ್ಲಿ ಹೋಯಿತೋ, ಗಂಟಲಿನಿಂದ ಅದೇ ರಾಣಿ ಹೊರಬಂದಳು, ಅದೇ ಗುಡುಗು, ಅದೇ ನಡುಕ:

"ಚಪ್ಪಲಿ ಎಲ್ಲೇ ಇಟ್ಟಿದ್ದೀ? ಬೇಗ ತಂದುಕೊಡು! ಕಾಲು ಸುಟ್ಟುಹೋಯ್ತು ಕಣೇ, ಬಾರೇ!"

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ತುಟಿಗೆ ಕೂತಿತು. ಚಪ್ಪಲಿಗೆ ರಾಣಿಯ ತುಟಿ ಮುಚ್ಚಿತು, ಬೇಗಕ್ಕೆ ಮುಚ್ಚಿತು, ಬಾರೇ ಎನ್ನುವಾಗ ಮುಚ್ಚಿ ತೆರೆಯಿತು. ಅಷ್ಟೇ ಅಲ್ಲ, ಇಷ್ಟು ವರ್ಷ ಯಾರಿಗೂ ಕಾಣದ್ದು ಈಗ ಎಲ್ಲರಿಗೂ ಕಂಡಿತು: ಮಾತಾಡುತ್ತ ಮಾತಾಡುತ್ತ ರಾಣಿ ಒಂದು ಕಾಲು ಎತ್ತಿ ಇನ್ನೊಂದು ಕಾಲಿನ ಮೇಲಿಟ್ಟುಕೊಳ್ಳುತ್ತಿದ್ದಳು.

ಮೊದಲು ನಕ್ಕವಳು ಮಗಳು. ಗಂಡನ ಮನೆಯಿಂದ ಬಂದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕಿರಲಿಲ್ಲ. ಈಗ ಬಾಯಿಗೆ ಕೈ ಅಡ್ಡ ಇಟ್ಟರೂ ನಿಲ್ಲದೆ, ಗೋಡೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಕಾಲು ನೋಡಮ್ಮ, ಕಾಲು!" ಅಳಿಯನೂ ಫಕ್ಕನೆ ನಕ್ಕು, ತಾಯಿಯ ಕಡೆ ನೋಡಿ ನುಂಗಿಕೊಂಡ.

ಬೀಗಿತ್ತಿ ನಗಲಿಲ್ಲ. "ಇನ್ನೊಂದ್ಸಲ ಹಾಕಿ," ಎಂದರು. ದನಿಯಮ್ಮ ಹಾಕಿದಳು. ಈ ಸಲ ಅವಳು ಬಾಯಿ ತೆರೆಯಲಿಲ್ಲ, ಬೇಕಾಗಿರಲೂ ಇಲ್ಲ. ಸದ್ದಿಲ್ಲದ ಕೋಣೆಯಲ್ಲಿ ರಾಣಿ ತಾನಾಗಿಯೇ ಚಪ್ಪಲಿ ಕೇಳಿದಳು.

"ಹಾಗಾದ್ರೆ ನಿಜವಾದ ರಾಣಿ ಏನು ಹೇಳಿದ್ಲು?" ಬೀಗಿತ್ತಿಯ ದನಿ ಸಣ್ಣಗಾಗಿತ್ತು.

"ಅದು ಯಾರಿಗೂ ಗೊತ್ತಿಲ್ಲ ರೀ. ಹಾರಲಿಲ್ಲ ಅನ್ನೋದು ಮಾತ್ರ ಗೊತ್ತು. ಕಥೆ ಬರೆದವರು ಆಮೇಲೊಂದು ದಿನ ಸಿಕ್ಕಾಗ ಹೇಳಿದ್ರು. ಕೋಟೆ ಬಿಟ್ಟುಕೊಟ್ಟು ತವರಿಗೆ ಹೋದ್ಲಂತೆ. ಅಲ್ಲೊಂದು ಕೆರೆ ಕಟ್ಟಿಸಿದ್ಲಂತೆ, ತಮ್ಮನ ಹೆಂಡತಿ ಜೊತೆ ಜಗಳ ಆಡಿದ್ಲಂತೆ, ಹಲ್ಲೆಲ್ಲ ಬಿದ್ದು ಮುದುಕಿಯಾಗಿ ಸತ್ತಳಂತೆ. ಮುದುಕಿ ನೋಡೋಕೆ ಯಾರು ಟಿಕೆಟ್ ತಗೋತಾರೆ ಅಂತ ಪ್ರೊಡ್ಯೂಸರ್ ಅವಳನ್ನ ಗೋಡೆ ಹತ್ತಿಸಿದ್ರು."

"ತವರಿಗೆ ಹೋದ್ಲಾ?"

"ಹೋದ್ಲಂತೆ."

ಬೀಗಿತ್ತಿ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಮೊದಲ ಸಲ ಬೆನ್ನು ಆನಿಸಿ ಕೂತರು. ಅವರು ಹಾಗೆ ಕೂತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

"ನಾನೂ ಹೋಗಿದ್ದೆ," ಎಂದರು. "ಇವನು ಇನ್ನೂ ಹೊಟ್ಟೆಯಲ್ಲಿದ್ದ. ಇವರಪ್ಪನಿಗೂ ಇದೇ ಅಭ್ಯಾಸ. ಶಾಲೆ ಬಿಟ್ಟು ಬಂದ ಮೇಲೆ ಒಳಗೆ ಕೂರಿಸಿ ಬೀಗ. ಒಂದು ದಿನ ಶಾಲೆಯಿಂದ ನೇರ ತವರಿಗೆ ಬಸ್ ಹತ್ತಿಬಿಟ್ಟೆ. ನಮ್ಮಮ್ಮ ಏನೂ ಕೇಳ್ಲಿಲ್ಲ, ಪಾಪ. ಮನಸ್ಸು ಹಗುರ ಆಗ್ಲಿ ಅಂತ ಮಧ್ಯಾಹ್ನ ಸಿನಿಮಾಗೆ ಕರ್ಕೊಂಡು ಹೋದ್ಲು. ಯಾವ ಸಿನಿಮಾ ಅಂತ ಗೊತ್ತಾಯ್ತಲ್ಲ." ಟೀವಿಯ ಕಡೆ ಬೆರಳು ತೋರಿಸಿ ಮುಂದುವರಿಸಿದರು. "ಇಡೀ ಥಿಯೇಟರ್ ಎದ್ದು ಚಪ್ಪಾಳೆ ಹೊಡೀತು. ನನಗೆ ನಾಚಿಕೆಯಾಯ್ತು. ರಾಣಿ ಸತ್ತಳು, ನಾನು ಬಸ್ ಹತ್ತಿ ಓಡಿ ಬಂದಿದೀನಲ್ಲ ಅಂತ. ಥಿಯೇಟರಿಂದ ಅಮ್ಮನ ಮನೆಗೆ ಕೂಡ ಹೋಗ್ಲಿಲ್ಲ. ಸೀದಾ ವಾಪಸ್ ಬಂದೆ."

ದನಿಯಮ್ಮನಿಗೆ ಆ ಕೋಣೆ, ಆ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದು ಹೋದದ್ದು ನೆನಪಾಯಿತು. ಹೋಗಿ ಟೀವಿ ಆರಿಸಿದಳು.

ಅಳಿಯ ಸಂಕಟದಿಂದ ಎದ್ದು ನಿಂತ. "ಅಮ್ಮ, ಹೊತ್ತಾಯ್ತು. ಹೊರಡೋಣ್ವಾ? ಇವಳ ಬ್ಯಾಗ್ ನಾನು ತಗೋತೀನಿ."

"ಅದನ್ನ ಮುಟ್ಬೇಡ." ಈಗ ಮಾತಾಡಿದ್ದು ಮುಖ್ಯೋಪಾಧ್ಯಾಯಿನಿ. "ನಿನಗೆ ಬೀಗ ಹಾಕೋದು ಯಾರೂ ಹೇಳಿಕೊಡ್ಲಿಲ್ಲ. ನೋಡಿ ಕಲ್ತೆ. ನಾನು ಕೂತು ತೋರಿಸ್ದೆ, ನೀನು ಕಲ್ತೆ. ಹೋಗು, ಮನೆಗೆ ಹೋಗು."

"ಒಬ್ಬನೇನಾ? ನೀನು?"

"ನಾನು ಆಮೇಲೆ ಬರ್ತೀನಿ."

"ಅಪ್ಪನ ಊಟ?"

"ಒಲೆ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ದೇ ಇದ್ರೆ ತೋರಿಸು."

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವನು ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು, ಮತ್ತೆ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ, ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಬಾಗಿಲು ತೆರೆದೇ ಇತ್ತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಬೀಗಿತ್ತಿ ತಮ್ಮ ಕೈಗಡಿಯಾರದ ಪಟ್ಟಿಯನ್ನು ಸಡಿಲ ಮಾಡುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು:

"ನಮ್ಮಮ್ಮ ಹೋಗಿ ಬಹಳ ವರ್ಷ ಆಯ್ತು. ಆ ಮನೆ ಅಣ್ಣಂದಿರು ಮಾರಿದ್ರು. ಇವತ್ತೊಂದು ದಿನ ನಾನಿಲ್ಲೇ ಇದ್ದು ಹೋಗ್ಲಾ?"

ದನಿಯಮ್ಮ ಹೂಂ ಎಂದು ತಲೆಯಾಡಿಸಿದಳು. ಮಗಳು ಬಾಗಿಲ ಪಕ್ಕದಿಂದ ಚೀಲ ಎತ್ತಿ ತಂದು ನೆಲದ ಮೇಲಿಟ್ಟು, ಜಿಪ್ಪು ಎಳೆದು, ಮೇಲೇ ಇದ್ದ ತನ್ನ ನೈಟಿಯನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು.

"ಸ್ವಲ್ಪ ಉದ್ದ ಆಗ್ಬಹುದು ಅತ್ತೆ."

ಬೀಗಿತ್ತಿ ಅದನ್ನು ಬಿಡಿಸಿ ಮೈಗೆ ಹಿಡಿದು ನೋಡಿಕೊಂಡು, ಬಚ್ಚಲು ಯಾವ ಕಡೆ ಎಂದು ಕೇಳಿದರು.